ಎಣ್ಣೆಚರ್ಮಕ್ಕೆ ಎಂಟು ಡಬ್ಬಿ

ಲಿಂಗಸುಗೂರಿನ ನಮ್ಮ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ, ಬಾಗಿಲು ತೆರೆದೊಡನೆ ಎದುರಾಗುವ ಗೋಡೆಯ ಮೇಲೆ, ಒಂದು ಕಾಟ್ಲಾ ಮೀನು ಇದೆ. ಅದು ಸತ್ತು ಮೂವತ್ತು ವರ್ಷ ದಾಟಿದೆ. ಕೃಷ್ಣಾ ನದಿಯಲ್ಲಿ ಸಿಕ್ಕ ಮೀನು. ಒಳಗಿನದೆಲ್ಲ ತೆಗೆದು, ಚರ್ಮ ಒಣಗಿಸಿ, ಕಟ್ಟಿಗೆಹೊಟ್ಟು ತುಂಬಿ, ಹೊಲಿದು, ಹಲಗೆಗೆ ಬಿಗಿದವರು ಆಗಿನ ಅಟೆಂಡರು, ಸಂತೆಕಲ್ಲೂರಿನವರು. ಕಣ್ಣಿನ ಜಾಗದಲ್ಲಿ ಗೋಲಿಸೋಡಾ ಬಾಟಲಿಯ ಗೋಲಿ ಕೂಡಿಸಿದ್ದರು. ಹೀಗಾಗಿ ಆ ಮೀನು ಯಾರನ್ನು ನೋಡಿದರೂ ಗಾಬರಿಯಿಂದಲೇ ನೋಡುತ್ತದೆ. ಹುಡುಗರು ಅದಕ್ಕೂ ನನಗೂ ಹೋಲಿಕೆ ಕಂಡುಕೊಂಡಿದ್ದಾರೆ. ಬೆನ್ನ ಹಿಂದೆ ನನ್ನನ್ನು ಕಾಟ್ಲಾ ಸರ್ ಅನ್ನುತ್ತಾರೆಂದು ಗೊತ್ತಿದೆ. ತಪ್ಪೇನೂ ಇಲ್ಲ. ನಾನು ಮನೆಗೆ ಕೀಲಿ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಕೀಲಿ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವ ಮನುಷ್ಯ. ಒಳಗೆ ಹೆಂಡತಿ ಇದ್ದಾಗಲೂ ಹೊರಗಿನಿಂದ ಕೀಲಿ ಹಾಕಿ ಹೋದದ್ದಿದೆ.

ನಮ್ಮ ಮನೆ ಇರುವುದು ಮಸ್ಕಿಯಲ್ಲಿ. ಬೆಳಿಗ್ಗೆ ನಾನು ಲಿಂಗಸುಗೂರಿನ ಬಸ್ಸಿಗೆ ನಿಲ್ಲುತ್ತೇನೆ. ಮಗಳು ರಸ್ತೆಯ ಆಚೆ ಮಗ್ಗುಲಿಗೆ ಸಿಂಧನೂರಿನ ಬಸ್ಸಿಗೆ ನಿಲ್ಲುತ್ತಾಳೆ. ಅಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಯಾರ ಬಸ್ಸು ಮೊದಲು ಬರುತ್ತದೋ ಅವರು ಕೈ ಎತ್ತಬೇಕು, ಇನ್ನೊಬ್ಬರು ಸೋತಂತೆ. ಅವಳು ಸಣ್ಣವಳಿದ್ದಾಗಿನಿಂದ ನಡೆದುಬಂದ ಆಟ ಇದು.

ಅವಳಿಗೆ ನನ್ನ ತಾಯಿಯ ಬಣ್ಣ ಬಂದಿದೆ. ಮಳೆ ಬಿದ್ದ ಮೇಲಿನ ಎರೆಹೊಲದ ಬಣ್ಣ. ನಮ್ಮ ಮನೆಯಲ್ಲಿ ಅದು ಎಂದೂ ಮಾತಾಗಿರಲಿಲ್ಲ. ಮಾತಾಗದಂತೆ ನಾನು ನೋಡಿಕೊಂಡಿದ್ದೇನೆ ಎಂಬ ಹೆಮ್ಮೆಯೂ ನನಗಿತ್ತು. ಪ್ರತಿ ವರ್ಷ ಚರ್ಮದ ಪಾಠ ಬಂದಾಗ ಪುಸ್ತಕ ಮುಚ್ಚಿ ಒಂದು ಭಾಷಣ ಮಾಡುತ್ತೇನೆ. "ಕಪ್ಪು ಅಂದ್ರ ಹೊಲಸಲ್ಲ, ತಿಕ್ಕಿದ್ರ ಹೋಗೂದಲ್ಲ. ಈ ಬಿಸಲಿನ ಸೀಮ್ಯಾಗ ನಿಮ್ಮ ಮೈ ತಾನs ಹಿಡಕೊಂಡ ಛತ್ರಿ ಅದು," ಎನ್ನುತ್ತೇನೆ. ಹಿಂದಿನ ಬೆಂಚಿನ ಒಂದಿಬ್ಬರು ಹುಡುಗಿಯರು ತಲೆ ಎತ್ತಿ ನೋಡುತ್ತಾರೆ. ಅವರು ತಲೆ ಎತ್ತುವುದನ್ನು ನೋಡಲಿಕ್ಕೆಂದೇ ನಾನು ಆ ಭಾಷಣ ಮಾಡುತ್ತಿದ್ದೆ ಎಂದರೂ ಸರಿಯೇ.

ಮೊನ್ನೆ ಮಗಳಿಗೆ ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ಅಭ್ಯಾಸದ ಪಾಠ ಬಂತು. ಬಿ.ಎಡ್. ಮಾಡುವವರು ಹೀಗೆ ಮಕ್ಕಳೆದುರು ನಿಂತು ಪಾಠ ಮಾಡಬೇಕು. ಹಿಂದಿನ ಬೆಂಚಿನಲ್ಲಿ ಅವರ ಮೇಡಮ್ಮೂ ಜೊತೆಯ ಹುಡುಗಿಯರೂ ಕೂತು ತಪ್ಪು ಬರೆದುಕೊಳ್ಳುತ್ತಾರೆ. ಅವಳು ಆರಿಸಿಕೊಂಡದ್ದು ಚರ್ಮದ ಪಾಠ. ಒಂದು ವಾರ ಮೊದಲೇ ಅಡುಗೆಮನೆಯಲ್ಲಿ ಅವರಮ್ಮನನ್ನು ಮಣೆಯ ಮೇಲೆ ಕೂಡಿಸಿ ಪಾಠ ಹೇಳಿ ನೋಡಿದಳು.

"ಛತ್ರಿ ಮಾತು ಬಂದಾಗ, ಇದು ನಮ್ಮಪ್ಪ ಹೇಳಿಕೊಟ್ಟದ್ದು ಅಂತ ಹೇಳ್ತೀನಿ," ಎಂದಳು ನನ್ನತ್ತ ತಿರುಗಿ. "ಹೇಳ್ಲ್ಯಾ?"

"ಹೇಳು. ಪಾಠಕ್ಕೇನು ಬಾಧಕ ಇಲ್ಲ," ಎಂದೆ, ಪೇಪರಿನಿಂದ ಕಣ್ಣು ತೆಗೆಯದೆ. ಪೇಪರು ತಲೆಕೆಳಗಾಗಿತ್ತು ಎಂದು ಹೆಂಡತಿ ಆಮೇಲೆ ಹೇಳಿದಳು.

ಅದೇ ವಾರ ನಮ್ಮ ಪ್ರಿನ್ಸಿಪಾಲರು ಪ್ರಯೋಗಾಲಯಕ್ಕೆ ಬಂದರು. ಇಲಾಖೆಯ ತಪಾಸಣೆ ಹತ್ತಿರ ಬಂದಿತ್ತು. ಗೋಡೆಯ ಮುಂದೆ ನಿಂತರು.

"ಇದೇನ್ರಿ ಸರ್, ಸುಟ್ಟ ಬದನಿಕಾಯಿ ತೂಗು ಹಾಕೀರಿ?"

"ಕಾಟ್ಲಾ ಮೀನ್ರಿ ಸರ್."

"ಕಾಟ್ಲಾ ಹಿಂಗ ಇರ್ತದೇನ್ರಿ? ನಾ ಬಜಾರದಾಗ ನೋಡೀನಿ, ಬೆಳ್ಳಿ ಇದ್ದಂಗ ಇರ್ತದ. ಒಂದೋ ಇದನ್ನ ಬೆಳ್ಳಗ ಮಾಡ್ರಿ, ಇಲ್ಲಾಂದ್ರ ಸ್ಟೋರ್ ರೂಮಿಗೆ ಒಗೀರಿ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮೀನಿನ ಚರ್ಮದಲ್ಲಿ ಎಷ್ಟು ಕೆರೆದರೂ ಸ್ವಲ್ಪ ಕೊಬ್ಬು ಉಳಿದೇ ಉಳಿಯುತ್ತದೆ. ಅದು ವರ್ಷ ವರ್ಷಕ್ಕೂ ಹೊರಗೆ ಒಸರಿ, ಧೂಳು ಹಿಡಿದು, ಕಪ್ಪಗಾಗುತ್ತದೆ. ಮೇಲೆ ಬಳಿದ ವಾರ್ನಿಶೂ ಹಳೆಯದಾಗಿ ಮೊದಲು ಚಹಾದ ಬಣ್ಣಕ್ಕೆ, ಆಮೇಲೆ ಡಾಂಬರಿನ ಬಣ್ಣಕ್ಕೆ ತಿರುಗುತ್ತದೆ. ಸಂತೆಕಲ್ಲೂರಿನ ಅಟೆಂಡರು ಈ ಮೀನಿಗೆ ಬಣ್ಣ ಹಚ್ಚಿರಲಿಲ್ಲ. "ಬಣ್ಣ ಹಚ್ಚಿದ್ರ ಮೀನ ಹೋಗಿ ನಾಟಕದ ಪಾರ್ಟು ಆಗ್ತದ್ರಿ," ಎನ್ನುತ್ತಿದ್ದರು. ಹೀಗಾಗಿ ಒಳಗಿದ್ದದ್ದು ಮೀನಿನ ಸ್ವಂತ ಚರ್ಮವೇ.

ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಯಾವುದೋ ದೇಶದ ಮನುಷ್ಯ, ಕಪ್ಪಗಾದ ಮೀನಿನ ಚರ್ಮಕ್ಕೆ ಪೆರಾಕ್ಸೈಡ್ ಹಚ್ಚಿ, ಪ್ಲಾಸ್ಟಿಕ್ ಹೊದಿಸಿ, ತಿಳಿ ಮಾಡುತ್ತಿದ್ದ. ನಮ್ಮ ರಸಾಯನಶಾಸ್ತ್ರದವರ ಕಪಾಟಿನಲ್ಲಿದ್ದ ಪೆರಾಕ್ಸೈಡಿನಲ್ಲಿ ಜೀವವೇ ಉಳಿದಿರಲಿಲ್ಲ. ಔಷಧ ಅಂಗಡಿಯಲ್ಲಿ ಸಿಗುವುದು ಗಾಯ ತೊಳೆಯುವಷ್ಟೇ ತೆಳು. ಹಚ್ಚಿದರೆ ಒಂದೆರಡು ಗುಳ್ಳೆ ಎದ್ದು ಸುಮ್ಮನಾಯಿತು.

"ಲೇಡೀಸ್ ಅಂಗಡ್ಯಾಗ ಮುಖಕ್ಕ ಹಚ್ಚೂ ಬ್ಲೀಚ್ ಸಿಗ್ತದಲ್ರೀ, ಅದೂ ಇದೇ ಮಾಲು," ಎಂದರು ರಸಾಯನಶಾಸ್ತ್ರದ ಮಾಸ್ತರರು. "ಭಾಳ ಗಟ್ಟಿ ಇರ್ತದ. ನಿಮ್ಮ ಮೀನಕ್ಕ ಒಂದು ಎಂಟು ಡಬ್ಬಿ ಬೇಕಾಗ್ತಾವ ನೋಡ್ರಿ."

ಎಲ್ಲಿ ಕೊಳ್ಳುವುದು ಎಂದು ಎರಡು ದಿನ ಯೋಚಿಸಿದೆ. ಲಿಂಗಸುಗೂರಿನಲ್ಲಿ ಕೊಂಡರೆ ವಿದ್ಯಾರ್ಥಿಗಳು ನೋಡುತ್ತಾರೆ. ಮಸ್ಕಿಯಲ್ಲಿ ಕೊಂಡರೆ ಓಣಿಯವರು ನೋಡುತ್ತಾರೆ. ಆದ್ದರಿಂದ ಶುಕ್ರವಾರ ಅರ್ಧ ದಿನ ರಜೆ ಹಾಕಿ, ಯಾರೂ ಗುರುತಿನವರಿಲ್ಲವೆಂದು, ಸಿಂಧನೂರಿಗೆ ಹೋದೆ. ದಿನಾ ಬೆಳಿಗ್ಗೆ ನನ್ನ ಮಗಳು ಇಳಿಯುವ ಊರಿಗೆ. ಇಷ್ಟು ಮುಂದಾಲೋಚನೆಯ ಮನುಷ್ಯ ನಾನು.

ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಒಂದು ಅಂಗಡಿ. ಬಳೆ, ಕ್ಲಿಪ್ಪು, ಪೌಡರು, ಫಾಲ್ಸು, ಎಲ್ಲ ಇದ್ದವು. ನನ್ನ ವಯಸ್ಸಿನ ಹೆಂಗಸೊಬ್ಬರು ನಡೆಸುತ್ತಿದ್ದರು. ಒಳಗೆ ಮೂವರು ಗಿರಾಕಿ ಹೆಂಗಸರು ಬಳೆ ಏರಿಸಿಕೊಳ್ಳುತ್ತಿದ್ದರು.

"ಏನ್ ಕೊಡ್ಲ್ರಿ ಸರ್?"

"ಬ್ಲೀಚ್... ಮುಖಕ್ಕ ಹಚ್ಚೂದು. ಎಂಟು ಡಬ್ಬಿ."

"ಎಂಟಾ? ಪಾರ್ಲರ್ ಇಟ್ಟೀರೇನ್ರಿ?"

"ಇಲ್ರಿ."

"ಮತ್ತ ಯಾರಿಗ್ರಿ?"

ಮೀನಿಗೆ ಎಂದು ಹೇಳಲು ಬಾಯಿ ತೆರೆದೆ. ಮೂವರು ಹೆಂಗಸರೂ ಬಳೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಐವತ್ತು ದಾಟಿದ, ಇಸ್ತ್ರಿ ಅಂಗಿಯ, ಜೇಬಿನಲ್ಲಿ ಎರಡು ಪೆನ್ನಿನ ಮನುಷ್ಯನೊಬ್ಬ, ಸತ್ತ ಮೀನಿನ ಮೈಗೆ ಬ್ಲೀಚ್ ಮಾಡಬೇಕಾಗಿದೆ ಎಂದರೆ ಅವರು ಹೇಗೆ ನಗಬಹುದು ಎಂಬುದು ಪೂರ್ತಿ ಕಣ್ಣ ಮುಂದೆ ಬಂತು. ಆ ನಗೆ ಊರು ದಾಟಿ ಲಿಂಗಸುಗೂರಿಗೆ ಬರುವುದೂ, ಹುಡುಗರು ಬೋರ್ಡಿನ ಮೇಲೆ ಚಿತ್ರ ಬರೆಯುವುದೂ ಬಂತು.

"ಮಗಳಿಗೆ," ಎಂದೆ.

ಮೂವರೂ ತಿರುಗಿ ಬಳೆ ಏರಿಸಿಕೊಳ್ಳತೊಡಗಿದರು. ಯಾರಿಗೂ ಏನೂ ಅನ್ನಿಸಲಿಲ್ಲ. ನನಗೂ ಆ ಕ್ಷಣಕ್ಕೆ ಅನ್ನಿಸಿದ್ದು ಒಂದೇ: ಪಾರಾದೆ.

"ಹಂಗ ಹೇಳ್ರಿ ಮತ್ತ," ಎಂದು ಅಂಗಡಿಯಾಕೆ ಡಬ್ಬಿಗಳನ್ನು ಇಳಿಸತೊಡಗಿದರು. "ಚರ್ಮ ಎಣ್ಣಿ ಎಣ್ಣಿ ಇರ್ತದೋ, ಒಣಾ ಇರ್ತದೋ?"

"ಎಣ್ಣಿ."

"ಭಾಳ ಕರ್ರಗ ಅದಾಳೇನ್ರಿ?"

"ಸ್ವಲ್ಪ."

ಎಣ್ಣೆ ಎಂದದ್ದು ಮೀನನ್ನು ನೆನೆದು. ಸ್ವಲ್ಪ ಎಂದದ್ದು ಯಾರನ್ನು ನೆನೆದು ಎಂದು ಅಂದಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಮೀನಂತೂ ಅಲ್ಲ. ಮೀನು ಡಾಂಬರಿನಷ್ಟು ಕಪ್ಪಗಿತ್ತು, ಅದಕ್ಕೆ ಸ್ವಲ್ಪ ಎನ್ನುವಂತಿರಲಿಲ್ಲ.

ಗಾಬರಿಯ ಮನುಷ್ಯನ ಇನ್ನೊಂದು ಗುಣವೆಂದರೆ ಕೇಳಿದ್ದಕ್ಕಿಂತ ಹೆಚ್ಚು ಹೇಳುವುದು. "ಇಲ್ಲೇ ಬಿ.ಎಡ್. ಮಾಡಾಕತ್ಯಾಳ್ರಿ. ದಿನಾ ಮಸ್ಕಿಯಿಂದ ಬರ್ತಾಳ," ಎಂದುಬಿಟ್ಟೆ.

"ಚಸ್ಮಾ ಹಾಕ್ತಾಳಲ್ರೀ? ಉದ್ದ ಜಡಿ? ಅಯ್ಯ, ನಮ್ಮ ಅಂಗಡಿಗೇ ಬರ್ತಾಳ್ರಿ! ಭಾಳ ಶಾಣ್ಯಾ ಹುಡುಗಿ."

ಬಳೆಯವರಲ್ಲಿ ಒಬ್ಬರು ಕರುಣೆಯಿಂದ ಕೇಳಿದರು. "ವರ ನೋಡಾಕ ಬರಾವ್ರದಾರೇನ್ರಿ?"

ನನ್ನ ತಲೆ ತಾನೇ ಆಡಿತು. ಹೌದು ಎಂದೋ ಅಲ್ಲ ಎಂದೋ ನನಗೂ ತಿಳಿಯಲಿಲ್ಲ. ಅವರು ಹೌದು ಎಂದುಕೊಂಡರು.

"ಅಪ್ಪಂದಿರು ಅಂದ್ರ ಹಿಂಗ ಇರ್ಬೇಕು ನೋಡವಾ," ಎಂದು ಅಂಗಡಿಯಾಕೆ ಅವರಿಗೆ ಹೇಳಿದರು. "ನಮ್ಮಪ್ಪಗ ನಾ ಯಾವ ಬಣ್ಣ ಇದೀನಿ ಅಂತನೂ ಗೊತ್ತಿರಲಿಲ್ಲ."

ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಡುತ್ತ, "ಹದಿನೈದು ನಿಮಿಷದ ಮ್ಯಾಲ ಇಡಬ್ಯಾಡ್ರಿ, ಚರ್ಮ ಕೆಡ್ತದ," ಎಂದರು. ಒಳ್ಳೆಯ ತಂದೆ ಎಂಬ ಹೊಗಳಿಕೆ ಹೊತ್ತು ನಾನು ಬಸ್ಸು ಹತ್ತಿದೆ.

ಶನಿವಾರ ಮಧ್ಯಾಹ್ನ ಕಾಲೇಜು ಖಾಲಿಯಾದ ಮೇಲೆ ಮೀನನ್ನು ಗೋಡೆಯಿಂದ ಇಳಿಸಿದೆ. ಕಿಟಕಿಗಳನ್ನು ತೆರೆದೆ. ಬ್ರಷ್ಷಿನಿಂದ ಧೂಳು ತೆಗೆದು, ಅರಳೆಗೆ ಥಿನ್ನರ್ ಹಚ್ಚಿ, ಹುರುಪೆಯ ಗುಂಟ ತಲೆಯಿಂದ ಬಾಲದ ಕಡೆಗೆ ಮೆಲ್ಲಗೆ ಒರೆಸಿದೆ. ಅರಳೆ ಚಹಾದ ಬಣ್ಣಕ್ಕೆ ತಿರುಗಿತು. ಮತ್ತೆ ಹೊಸ ಅರಳೆ, ಮತ್ತೆ ಚಹಾ. ಒಂದು ಬುಟ್ಟಿ ಅರಳೆ ಮುಗಿಯುವ ಹೊತ್ತಿಗೆ, ನಾನು ಇಪ್ಪತ್ತು ವರ್ಷಗಳಲ್ಲಿ ನೋಡದ ಮೀನು ಕೆಳಗಿನಿಂದ ಎದ್ದು ಬಂತು. ಹೊಟ್ಟೆ ಹಳೆಯ ದಂತದ ಬಣ್ಣ. ಪಕ್ಕೆಯ ಹುರುಪೆಗಳು ಒಂದೊಂದೂ ಬೇರೆ ಬೇರೆ ಕಾಣುತ್ತಿದ್ದವು. ಬೆನ್ನು ಮಾತ್ರ ಬೂದಿಗಪ್ಪು, ಮೋಡ ಮುಚ್ಚಿದ ದಿನ ಹೊಳೆಯ ನೀರು ಇರುವ ಹಾಗೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಕೆಲಸ ಮುಗಿದಿತ್ತು. ಕಪ್ಪಾಗಿದ್ದದ್ದು ಮೀನಲ್ಲ, ನಾವು ಮೇಲೆ ಬಳಿದದ್ದು.

ಆದರೆ ಚೀಲದಲ್ಲಿ ಎಂಟು ಡಬ್ಬಿ ಇದ್ದವು. ಅವುಗಳಿಗಾಗಿ ನಾನು ಒಂದು ಸುಳ್ಳನ್ನೂ ಹೇಳಿಯಾಗಿತ್ತು. ಪ್ರಿನ್ಸಿಪಾಲರ ಬೆಳ್ಳಿಯೂ ನೆನಪಿಗೆ ಬಂತು. ಬೆನ್ನು ಇನ್ನೂ ಕಪ್ಪಗಿದೆಯಲ್ಲ, ಅಂದಾರು ಎಂಬ ಪುಕ್ಕಲು. ಕ್ರೀಮಿಗೆ ಪುಡಿ ಕಲಸಿ ಬೆನ್ನಿನ ಉದ್ದಕ್ಕೂ ಬಳಿದೆ. ಹದಿನೈದು ನಿಮಿಷ ಗಡಿಯಾರ ನೋಡುತ್ತ ಕೂತೆ. ಒರೆಸಿ ನೋಡಿದರೆ ಏನೂ ಆಗಿರಲಿಲ್ಲ. ಮತ್ತೆ ಬಳಿದು, ವಿಡಿಯೋದವನಂತೆ ಪ್ಲಾಸ್ಟಿಕ್ ಹೊದಿಸಿ, ಚಹಾ ಕುಡಿಯಲು ಹೋದೆ. ಹೋದವನು ಮನೆಯ ಫ್ಯಾನ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆಯಲ್ಲಿ ಬ್ಲೀಚನ್ನು ಮರೆತೇಬಿಟ್ಟೆ. ತಿರುಗಿ ಬಂದಾಗ ಗಂಟೆಯ ಮೇಲಾಗಿತ್ತು.

ಪ್ಲಾಸ್ಟಿಕ್ ತೆಗೆದೆ. ಬೆನ್ನು ಮೆಹಂದಿ ಹಚ್ಚಿದ ಮುದುಕರ ಗಡ್ಡದಂತೆ ಕೆಂಚಗಾಗಿತ್ತು. ಈ ಕೆಂಚು ಇನ್ನೂ ಕೆಟ್ಟದೆಂದು ಉಳಿದ ಡಬ್ಬಿಗಳನ್ನೂ ಒಡೆದೆ. ಸಂಜೆಯ ಹೊತ್ತಿಗೆ ಮೀನು ತಲೆಯಿಂದ ಬಾಲದವರೆಗೆ, ಬೆನ್ನು ಹೊಟ್ಟೆ ಎಂಬ ಭೇದವಿಲ್ಲದೆ, ಹಾಲಿನಲ್ಲಿ ಅದ್ದಿದ ಬ್ರೆಡ್ಡಿನಂತೆ ಬಿಳಿಚಿಕೊಂಡು ಮೇಜಿನ ಮೇಲೆ ಬಿದ್ದಿತ್ತು. ಬೆನ್ನಿನ ಈಜುರೆಕ್ಕೆಯ ತುದಿ ಮುಟ್ಟಿದರೆ ಹಪ್ಪಳದಂತೆ ಮುರಿಯಿತು. ಗೋಲಿಯ ಕಣ್ಣು ಮಾತ್ರ ಮೊದಲಿನಂತೆ ಗಾಬರಿಯಿಂದ ನನ್ನನ್ನು ನೋಡುತ್ತಿತ್ತು. ಈಗ ಅದಕ್ಕೆ ಕಾರಣವೂ ಇತ್ತು.

ಹೊಳೆಯ ಮೀನಿನ ಬೆನ್ನು ಕಪ್ಪಗೇ ಇರಬೇಕು. ಮೇಲಿನಿಂದ ನೋಡುವ ಕೊಕ್ಕರೆಗೆ ಆ ಕಪ್ಪು ಆಳದ ನೀರಿನಲ್ಲಿ ಕಲೆತುಹೋಗುತ್ತದೆ. ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಹೊಟ್ಟೆಯ ಬಿಳುಪು ಆಕಾಶದ ಬೆಳಕಿನಲ್ಲಿ ಕಲೆತುಹೋಗುತ್ತದೆ. ಮೀನು ಬದುಕುವುದೇ ಹಾಗೆ. ಇದನ್ನು ನಾನು ಇದೇ ಮೀನಿಗೆ ಕೋಲು ಹಚ್ಚಿ ತೋರಿಸಿ ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ.

ಭಾನುವಾರ ಸಂತೆಕಲ್ಲೂರಿನ ಅಟೆಂಡರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಬಹಳ ವರ್ಷ ಆಗಿದೆ, ಕಿವಿ ಸ್ವಲ್ಪ ಮಂದ. ನಡೆದದ್ದನ್ನು ಎರಡು ಸಲ ಕೂಗಿ ಹೇಳಬೇಕಾಯಿತು. ಎರಡನೆಯ ಸಲ ಇನ್ನೂ ನಾಚಿಕೆಯಾಯಿತು.

"ಬೆನ್ನು ಕರೀದs ಇರ್ತದಲ್ರೀ ಸರ್," ಎಂದರು. "ನೀವs ಹೇಳ್ತಿದ್ರಿ. ನಾ ಬಾಗಲದಾಗ ನಿಂತು ಕೇಳ್ತಿದ್ದೆ."

ಆಮೇಲೆ ಸಮಾಧಾನಕ್ಕೆಂದು, "ಇರ್ಲಿ ಬಿಡ್ರಿ. ಕರಿ ಬಣ್ಣ ತೆಳ್ಳಗ ಕಲಸಿ ಹಚ್ರಿ. ಈಗ ಅದೂ ನಾಟಕದ ಪಾರ್ಟ್ ಆಗ್ಲಿ," ಎಂದು ಕೆಮ್ಮುತ್ತ ನಕ್ಕರು.

ಸೋಮವಾರ ಪ್ರಿನ್ಸಿಪಾಲರು ಬಂದು ನೋಡಿದರು. "ಭೇಷ್! ಈಗ ನೋಡ್ರಿ, ಮೀನು ಮೀನಿನಂಗ ಕಾಣ್ತದ," ಎಂದು ಬೆನ್ನು ತಟ್ಟಿದರು. ತಪಾಸಣೆಯವರು ಆಫೀಸಿನಲ್ಲೇ ಕಾಗದ ನೋಡಿ ಹೋದರು, ಪ್ರಯೋಗಾಲಯದ ಮೆಟ್ಟಿಲನ್ನೂ ಹತ್ತಲಿಲ್ಲ.

ಮಂಗಳವಾರ ಮಗಳ ಪಾಠ. ಬೆಳಿಗ್ಗೆ ಸೀರೆ ಉಟ್ಟು ನಿಂತಿದ್ದಳು. ಅವಳ ಬಸ್ಸು ಮೊದಲು ಬಂತು, ಗೆದ್ದವಳಂತೆ ಕೈ ಎತ್ತಿ ಹತ್ತಿದಳು. ಸಂಜೆ ನಾನು ಮನೆಗೆ ಬಂದಾಗ ಅವಳು ಆಗಲೇ ಬಂದು, ಸೀರೆಯನ್ನೂ ಬದಲಿಸದೆ, ಕಟ್ಟೆಯ ಮೇಲೆ ಕೂತಿದ್ದಳು.

"ಪಾಠ ಹೆಂಗಾತವಾ?"

"ಆತು."

ಒಳಗಿನಿಂದ ಅವರಮ್ಮ ಕಣ್ಣಿನಲ್ಲೇ ಏನೋ ಸನ್ನೆ ಮಾಡಿದಳು. ನನಗೆ ತಿಳಿಯಲಿಲ್ಲ. ಮಗಳೇ ಹೇಳಿದಳು, ನನ್ನನ್ನು ನೋಡದೆ, ರಸ್ತೆ ನೋಡುತ್ತ.

"ಮುಂಜಾನಿ ಸೀರಿಗೆ ಪಿನ್ನು ಬೇಕಾಗಿತ್ತು. ನಾಲ್ಕು ಮಂದಿ ಕೂಡಿ ಅಂಗಡಿಗೆ ಹೋಗಿದ್ವಿ. ಅಂಗಡಿ ಅಕ್ಕ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ್ಲು. ಎಂಟು ಡಬ್ಬಿ ಒಯ್ದಾರ ನಿಮ್ಮಪ್ಪಾರು, ಹಚ್ಚೀಯೋ ಇಲ್ಲೋ, ಏನೂ ಫರಕ್ ಕಾಣವಲ್ದು ಅಂದ್ಲು. ವರ ಯಾವಾಗ ಬರ್ತಾನ ಅಂತನೂ ಕೇಳಿದ್ಲು."

ನಾನು ಕೈಚೀಲವನ್ನು ಕಟ್ಟೆಯ ಮೇಲೆ ಇಳಿಸಿದೆ.

"ನಾ ಏನೂ ಹಚ್ಚಿಲ್ಲ ಅಂದೆ. ಯಾರೂ ನಂಬಲಿಲ್ಲ. ಆಮ್ಯಾಲ ಹೋಗಿ ಪಾಠ ಮಾಡ್ದೆ. ಛತ್ರಿ ಮಾತು ಬಂತು. ಹಿಂದಿನ ಬೆಂಚಿನ್ಯಾಗ ಒಬ್ಬಾಕಿ ಬಾಯಿಗೆ ಸೆರಗು ಹಿಡಕೊಂಡ್ಲು. ಆಕಿ ನಗಾಕತ್ತಿದ್ದು ನನಗ ಕಾಣ್ತಿತ್ತು." ಸೆರಗಿನ ಪಿನ್ನು ಬಿಚ್ಚುತ್ತ ಹೇಳಿದಳು. "ನಮ್ಮಪ್ಪ ಹೇಳಿಕೊಟ್ಟದ್ದು ಅಂತ ಹೇಳೂದು ಬಿಟ್ಟೆ."

"ಅದು ಮೀನಿಗೆ!" ಎಂದು ಕೂಗಿದೆ. "ಕಾಲೇಜಿನ ಮೀನಿಗೆ ಒಯ್ದದ್ದು, ನಿಮ್ಮವ್ವನಾಣೆ!"

ಹೆಂಡತಿ ಬಾಗಿಲಲ್ಲಿ ಕುಸಿದು ಕೂತು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಮೀನಿಗೆ ಬ್ಲೀಚ್ ಮಾಡ್ಯಾರ! ಇನ್ನ ಗ್ವಾಡಿ ಮ್ಯಾಲಿನ ಹಲ್ಲಿಗೆ ಪೌಡರ್ ಹಚ್ಚಿ ಬರ್ರಿ!" ನಾನೂ ನಗಲು ನೋಡಿದೆ. ಮಗಳು ನಗದಿರುವುದನ್ನು ಕಂಡು ಹೆಂಡತಿಯೂ ಸುಮ್ಮನಾದಳು.

"ಮೀನಿಗೆ ಅಂತ ಅಂಗಡ್ಯಾಗ ಯಾಕ ಹೇಳಲಿಲ್ಲ?"

"ನಗ್ತಾರ ಅಂತ..."

"ನನಗ ಅಂದ್ರ ನಗಂಗಿಲ್ಲ ಅಂತ ನಿನಗ ಹೆಂಗ ಗೊತ್ತಿತ್ತು?"

ಇಪ್ಪತ್ತು ವರ್ಷ ಹುಡುಗರ ಪ್ರಶ್ನೆಗಳಿಗೆ ಉತ್ತರ ಹೇಳಿದವನು ನಾನು. ಉತ್ತರ ಗೊತ್ತಿಲ್ಲದಾಗ ಏನು ಹೇಳಬೇಕೆಂದೂ ಗೊತ್ತಿತ್ತು: ಒಳ್ಳೆಯ ಪ್ರಶ್ನೆ, ನಾಳೆ ನೋಡೋಣ. ಇದಕ್ಕೆ ಉತ್ತರ ಗೊತ್ತಿತ್ತು. ಕಪ್ಪು ಹುಡುಗಿಯ ತಂದೆ ಬ್ಲೀಚ್ ಕೊಳ್ಳುವುದು ಊರಿಗೆ ಸಹಜವೆಂದು ನಾನೂ ಅಷ್ಟೇ ಸಹಜವಾಗಿ ತಿಳಿದುಕೊಂಡಿದ್ದೆ. ಛತ್ರಿಯ ಭಾಷಣವನ್ನು ಇಷ್ಟು ವರ್ಷ ನಾನು ಯಾರಿಗೆ ಮಾಡುತ್ತಿದ್ದೆನೋ!

"ನೀ ಬಂದು ಹೇಳಬೇಕು," ಎಂದಳು. "ಅದs ಅಂಗಡ್ಯಾಗ. ಆ ಹುಡ್ಗ್ಯಾರು ಇದ್ದಾಗ."

"ಫೋನಿನ್ಯಾಗ ಮೀನಿಂದು ಫೋಟೋ ಅದ, ತೋರಸ್ತೀನಿ..."

"ಫೋಟೋ ನಂಬಂಗಿಲ್ಲ. ಮೀನs ತಗೊಂಡ್ ಬಾ."

ರಿಪೇರಿಗೆ ಎಂದು ಬರೆದುಕೊಟ್ಟು ಗುರುವಾರ ಮೀನನ್ನು ಕಾಲೇಜಿನಿಂದ ತಂದೆ. ಶುಕ್ರವಾರ ಅದನ್ನು ಹಳೆಯ ಜಮಖಾನದಲ್ಲಿ ಸುತ್ತಿ, ಸಿಂಧನೂರಿನ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಮಗಳು ಮುಂದಿನ ಸೀಟಿನಲ್ಲಿ, ನನ್ನ ಗುರುತೇ ಇಲ್ಲದವಳಂತೆ. ಬಾಲ ಜಮಖಾನದಿಂದ ಹೊರಗೆ ಚಾಚಿಕೊಂಡಿತ್ತು. ಬಗಲಲ್ಲಿದ್ದ ಅಜ್ಜ ಅದನ್ನು ಬಹಳ ಹೊತ್ತು ನೋಡಿದ.

"ಏನ್ರಿ ಇದು?"

"ಮೀನ್ರಿ."

"ವಾಸನೀನs ಬರವಲ್ದು?"

"ಸತ್ತು ಮೂವತ್ತು ವರ್ಷ ಆತ್ರಿ."

ಅಜ್ಜ ತಲೆದೂಗಿ ಕಿಟಕಿಯ ಕಡೆ ಸ್ವಲ್ಪ ಸರಿದು ಕೂತ. ಅಷ್ಟೇ. ಯಾರೂ ನಗಲಿಲ್ಲ. ಮೀನು ಎನ್ನುವುದು ಎಷ್ಟು ಸುಲಭವಿತ್ತು!

ಅಂಗಡಿಯಲ್ಲಿ ಮಗಳ ಜೊತೆಯ ಹುಡುಗಿಯರು ಮೂವರು ಮೊದಲೇ ಬಂದು ನಿಂತಿದ್ದರು. ಬಸ್ಸಿನಲ್ಲಿ ನಾಲ್ಕು ರೀತಿಯಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಜಮಖಾನ ಬಿಚ್ಚಿ ಮೀನನ್ನು ಗಾಜಿನ ಕೌಂಟರಿನ ಮೇಲೆ, ಲಿಪ್‌ಸ್ಟಿಕ್ಕುಗಳ ಮೇಲ್ಭಾಗದಲ್ಲಿ, ಮಲಗಿಸಿದೆ.

"ಅವತ್ತು ನಾ ಸುಳ್ಳು ಹೇಳ್ದೆ," ಎಂದೆ. "ಆ ಎಂಟು ಡಬ್ಬಿ ಇದಕ್ಕ ಹಚ್ಚೀನಿ. ಮಗಳಿಗೆ ಅಂತ ಅಂದದ್ದು ಸುಳ್ಳು. ವರಾನೂ ಇಲ್ಲ, ಏನೂ ಇಲ್ಲ. ಮೀನಿಗೆ ಅನ್ನಾಕ ನಾಚಿಕಿ ಆಗಿತ್ತು."

ಅಂಗಡಿಯಾಕೆ ಮೊದಲು ನನ್ನನ್ನು, ಆಮೇಲೆ ಮೀನನ್ನು ನೋಡಿದರು. ಕನ್ನಡಕ ಏರಿಸಿಕೊಂಡು ಬಗ್ಗಿ, ಬೆನ್ನಿನ ಮೇಲೆ ಬೆರಳಾಡಿಸಿದರು. ಮುಖ ಗಂಭೀರವಾಯಿತು.

"ಎಷ್ಟೊತ್ತು ಇಟ್ಟಿದ್ರಿ?"

"ಒಂದು ತಾಸಿನ ಮ್ಯಾಲ."

"ನಾ ಬಡಕೊಂಡು ಹೇಳಿದ್ನಲ್ರೀ, ಹದಿನೈದು ನಿಮಿಷ ಅಂತ! ಚರ್ಮ ಪೂರಾ ಹಾಳು ಮಾಡೀರಿ!"

ಹುಡುಗಿಯರು ಒಮ್ಮೆಗೇ ನಕ್ಕರು. ಬಾಯಿಗೆ ಸೆರಗು ಹಿಡಿದವಳು ಇವಳೇ ಇರಬೇಕು ಎಂದು ನಾನು ಅಂದುಕೊಂಡವಳು ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಒಂದು ವಾರದಿಂದ ತಪ್ಪಿಸಿಕೊಂಡು ತಿರುಗಿದ ನಗೆ ಅದೇ. ಬಂತು, ಹೋಯಿತು. ಪ್ರಾಣವೇನೂ ಹೋಗಲಿಲ್ಲ.

ನಗು ನಿಂತ ಮೇಲೆ ಅಂಗಡಿಯಾಕೆ ಮಗಳ ಕಡೆ ನೋಡಿದರು. "ಅಂದ್ರ ಈ ಹುಡುಗಿಗೆ ಖರೇನs ಏನೂ ಹಚ್ಚಿಲ್ಲ?"

"ಇಲ್ರಿ."

"ಅಯ್ಯ ಪಾಪ," ಎಂದರು, ನಿಜವಾದ ಮರುಕದಿಂದ. "ಹಂಗಾರ ಈಗರ ಒಂದು ಡಬ್ಬಿ ಒಯ್ರಿ." ಆಗಲೇ ಕೈ ಕಪಾಟಿಗೆ ಹೋಗಿತ್ತು.

ಮಗಳು ನನ್ನನ್ನೇ ನೋಡುತ್ತಿದ್ದಳು. ಬಸ್ಸು ಇಳಿದ ಮೇಲೆ ಅವಳು ನನ್ನನ್ನು ನೋಡಿದ್ದು ಅದೇ ಮೊದಲು. ಛತ್ರಿಯ ಭಾಷಣ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಲು ಮುಖ ಇರಲಿಲ್ಲ.

"ಬ್ಯಾಡ್ರಿ," ಎಂದೆ. "ಅವತ್ತು ನಾ ಸ್ವಲ್ಪ ಕರ್ರಗ ಅದಾಳ ಅಂದಿದ್ದೆ, ಅದೂ ತಪ್ಪು. ಭಾಳ ಕರ್ರಗ ಅದಾಳ. ನಮ್ಮವ್ವ ಹಂಗs ಇದ್ಲು. ನನಗ ಆ ಬಣ್ಣ ಸೇರ್ತದ."

ಅಂಗಡಿಯಾಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಡಬ್ಬಿಯನ್ನು ಕಪಾಟಿನಲ್ಲೇ ಬಿಟ್ಟರು. ಒಪ್ಪಿದರೋ, ತಲೆ ಕೆಟ್ಟ ಮಾಸ್ತರರೆಂದು ಬಿಟ್ಟರೋ ಗೊತ್ತಿಲ್ಲ. "ಮೀನ ತಗೀರಿ ಮತ್ತ, ಗಿರಾಕಿ ಬಂದಾರ," ಎಂದರು.

ಹೊರಗೆ ಬಂದು ಜಮಖಾನ ಸುತ್ತುತ್ತಿದ್ದಾಗ ಮಗಳು ಹತ್ತಿರ ಬಂದಳು.

"ಭಾಳ ಅಂತ ಅಷ್ಟು ಒತ್ತಿ ಹೇಳೂದು ಬೇಕಾಗಿತ್ತೇನು?"

ಗಾಬರಿಯಾಗಿ ಮುಖ ನೋಡಿದೆ. ಬಾಯಿಯ ಒಂದು ಕೊನೆ ನಗುತ್ತಿತ್ತು, ಇನ್ನೊಂದು ಇನ್ನೂ ಇಲ್ಲ. ಚೀಲವನ್ನು ಹೆಗಲಿಗೆ ಏರಿಸಿಕೊಂಡು ಹುಡುಗಿಯರ ಜೊತೆ ಕಾಲೇಜಿನ ಕಡೆ ಹೋದಳು. ತಿರುವಿನಲ್ಲಿ ಕೈ ಎತ್ತುತ್ತಾಳೇನೋ ಎಂದು ನಿಂತೆ. ಎತ್ತಲಿಲ್ಲ.

ಆ ಭಾನುವಾರ ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಕೂತು ಮೀನಿನ ಬೆನ್ನಿಗೆ ಬಣ್ಣ ಹಚ್ಚಿದೆ. ಕರಿ ಬಣ್ಣ ಬರೀ ಕರಿಯಾಗಿಯೇ ಬರುತ್ತಿತ್ತು, ಹೊಳೆಯ ನೀರಿನಂತೆ ಬರುತ್ತಿರಲಿಲ್ಲ. ಮಗಳು ಬಟ್ಟೆ ಒಣಹಾಕಲು ಬಂದವಳು ಸ್ವಲ್ಪ ಹೊತ್ತು ನಿಂತು ನೋಡಿ, ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಒಂದು ಹನಿ ಹಸಿರು, ಒಂದು ಹನಿ ನೀಲಿ ಬಿಟ್ಟು ಕಲಸಿಕೊಟ್ಟಳು. ಆ ಬಣ್ಣ ಹತ್ತಿತು.

ಮೀನು ಈಗ ಮತ್ತೆ ಗೋಡೆಯ ಮೇಲಿದೆ. ಬೆನ್ನಿನ ಬಣ್ಣ ಮೀನಿನದಲ್ಲ, ನಮ್ಮದು ಎಂದು ಹತ್ತಿರ ಹೋದರೆ ತಿಳಿಯುತ್ತದೆ. ಹುಡುಗರು ಕೇಳಿದರೆ ಇದನ್ನು ಹಾಳು ಮಾಡಿದವನು ನಾನೇ ಎಂದು ಹೇಳುತ್ತೇನೆ. ಬೆನ್ನು ಯಾಕೆ ಕಪ್ಪಗಿರಬೇಕೆಂದು ಆಮೇಲೆ ಹೇಳುತ್ತೇನೆ.

ಮಗಳಿಗೆ ಹೋದ ವಾರ ಇನ್ನೊಂದು ಶಾಲೆಯಲ್ಲಿ ಅದೇ ಪಾಠ ಬಂತು. ಚೆನ್ನಾಗಿ ಆಯಿತಂತೆ, ಮೇಡಮ್ಮು ಹೊಗಳಿದರಂತೆ, ಛತ್ರಿಯ ಮಾತಿಗೆ ಮಕ್ಕಳು ಚಪ್ಪಾಳೆ ತಟ್ಟಿದರಂತೆ. ಇದನ್ನೆಲ್ಲ ಅವಳು ಹೇಳಿದ್ದು ಅವರಮ್ಮನಿಗೆ. ನಾನು ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಅದು ಯಾರು ಹೇಳಿಕೊಟ್ಟ ಮಾತು ಎಂದು ಮಕ್ಕಳಿಗೆ ಹೇಳಿದಳೋ ಇಲ್ಲವೋ ಎಂದು ಕೇಳಬೇಕೆಂದಿದ್ದೇನೆ. ಇನ್ನೂ ಕೇಳಿಲ್ಲ.